ಬಂದ ಡಾಲರ್ ಎಷ್ಟು, ಉಳಿದ ಡಾಲರ್ ಎಷ್ಟು?

2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಇನ್ವೆಸ್ಟ್ ಕರ್ನಾಟಕ’ ಸಮಾವೇಶ ಮುಗಿದಾಗ ಸರ್ಕಾರ ಕೊಟ್ಟ ಲೆಕ್ಕ 10.27 ಲಕ್ಷ ಕೋಟಿ ರೂಪಾಯಿ. ಮರುತಿಂಗಳು ಮಂಡನೆಯಾದ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ. ಅಂದ್ರೆ ನಾಲ್ಕು ದಿನದ ಸಮಾವೇಶದಲ್ಲಿ ಎರಡೂವರೆ ವರ್ಷದ ಬಜೆಟ್ಟಿನಷ್ಟು ದುಡ್ಡು! ಇದಕ್ಕೂ ಮೊದಲು 2022ರ ಸಮಾವೇಶದಲ್ಲಿ ಸುಮಾರು 9.8 ಲಕ್ಷ ಕೋಟಿ ಅಂದಿದ್ದರು. ಎರಡನ್ನೂ ಕೂಡಿಸಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಚಿನ್ನದ ಹೊದಿಕೆ ಹಾಕಿಸಬಹುದಿತ್ತು.

ಇಂಥ ಸಮಾವೇಶಗಳ ಲೆಕ್ಕದಲ್ಲಿ ಬಹುಪಾಲು ಬರೀ ಒಡಂಬಡಿಕೆ ಮತ್ತು ಘೋಷಣೆ. ಅದರಲ್ಲೂ ಎಲ್ಲವೂ ವಿದೇಶಿ ದುಡ್ಡಲ್ಲ, ನಮ್ಮದೇ ಕಂಪನಿಗಳದ್ದೂ ಸೇರಿರುತ್ತದೆ. ಮದುವೆ ಭಾಷೆಯಲ್ಲಿ ಹೇಳೋದಾದ್ರೆ ಒಡಂಬಡಿಕೆ ಅಂದ್ರೆ ಜಾತಕ ಇಸ್ಕೊಂಡ ಹಾಗೆ. ಇನ್ನೂ ತಾಂಬೂಲ ಬದಲಾಯಿಸಿಲ್ಲ, ಛತ್ರ ಬುಕ್ ಆಗಿಲ್ಲ. ಅದೇ ಹುಡುಗ ಅದೇ ವಾರ ಹೈದರಾಬಾದಿನಲ್ಲೂ, ಚೆನ್ನೈನಲ್ಲೂ, ಹನೋಯ್‌ನಲ್ಲೂ ಉಪ್ಪಿಟ್ಟು–ಕೇಸರಿಬಾತು ತಿಂದು ಬಂದಿರುತ್ತಾನೆ. ನಾವು ಮಾತ್ರ ಊರಿಗೆಲ್ಲ ಲಗ್ನಪತ್ರಿಕೆ ಹಂಚಿಬಿಟ್ಟಿರ್ತೀವಿ.

ಘೋಷಣೆ ಬಿಡಿ, ನಿಜವಾಗಿ ಬಂದ ದುಡ್ಡಿನ ಲೆಕ್ಕಕ್ಕೆ ಬರೋಣ. 2024-25ರಲ್ಲಿ ಭಾರತಕ್ಕೆ ಬಂದ ಒಟ್ಟು ವಿದೇಶಿ ನೇರ ಹೂಡಿಕೆ, ಅಂದ್ರೆ ಪೇಪರಿನವರು ಎಫ್‌ಡಿಐ ಅಂತ ಬರೆಯೋದು, ಸುಮಾರು 8,100 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಚೆನ್ನಾಗಿಯೇ ಏರಿಕೆ. ಹೆಡ್‌ಲೈನ್ ಇಲ್ಲಿಗೆ ನಿಲ್ಲುತ್ತದೆ. ರಿಸರ್ವ್ ಬ್ಯಾಂಕಿನ ಕೋಷ್ಟಕ ಮಾತ್ರ ಇನ್ನೆರಡು ಸಾಲು ಕೆಳಗೆ ಹೋಗುತ್ತದೆ. ಅದೇ ವರ್ಷ ವಿದೇಶಿ ಕಂಪನಿಗಳು ಇಲ್ಲಿನ ಪಾಲು ಮಾರಿಯೋ ಇನ್ನೊಂದು ದಾರಿಯಲ್ಲೋ ವಾಪಸ್ ಒಯ್ದದ್ದು 5,100 ಕೋಟಿ ಡಾಲರಿಗೂ ಹೆಚ್ಚು. ಭಾರತದ ಕಂಪನಿಗಳೇ ಹೊರದೇಶಗಳಲ್ಲಿ ಹೂಡಿದ್ದು ಹತ್ತಿರ ಹತ್ತಿರ 2,900 ಕೋಟಿ. ಎಲ್ಲ ಕಳೆದ ಮೇಲೆ ಉಳಿದದ್ದು 100 ಕೋಟಿ ಡಾಲರಿಗೂ ಕಡಿಮೆ. ಹಿಂದಿನ ವರ್ಷ ಈ ನಿವ್ವಳ ಮೊತ್ತ ಸುಮಾರು 1,000 ಕೋಟಿ ಇತ್ತು. ಕೋವಿಡ್ ವರ್ಷವಾದ 2020-21ರಲ್ಲಿ ಸುಮಾರು 4,400 ಕೋಟಿ ಇತ್ತು.

ನಿಮ್ಮ ಸಿಟಿಸಿಗೂ ಕೈಗೆ ಬರುವ ಸಂಬಳಕ್ಕೂ ಇರುವ ವ್ಯತ್ಯಾಸವೇ ಇದು. ಆಫರ್ ಲೆಟರ್ ಬಂದ ದಿನ ಮನೇಲಿ ಸಿಟಿಸಿ ಹೇಳ್ತೀವಿ, ಇಎಂಐ ಕಟ್ಟೋ ದಿನ ಇನ್ನೊಂದು ಅಂಕಿ ನೆನಪಾಗುತ್ತೆ.

ಹಾಗಂತ ಎದೆ ಬಡಿದುಕೊಳ್ಳಬೇಕಾಗಿಲ್ಲ. ವಾಪಸ್ ಹೋದ ದುಡ್ಡೆಲ್ಲ ಮುನಿಸಿಕೊಂಡು ಹೋದದ್ದಲ್ಲ. 2024ರ ಅಕ್ಟೋಬರ್‌ನಲ್ಲಿ ಹುಂಡೈ ತನ್ನ ಭಾರತೀಯ ಕಂಪನಿಯ ಷೇರುಗಳನ್ನು ಮಾರುಕಟ್ಟೆಗೆ ಬಿಟ್ಟಿತಲ್ಲ, ಸುಮಾರು 27,870 ಕೋಟಿ ರೂಪಾಯಿಯ ಐಪಿಒ? ನಿಮ್ಮಲ್ಲೂ ಕೆಲವರು ಅರ್ಜಿ ಹಾಕಿರಬಹುದು. ಆ ದುಡ್ಡಿನಲ್ಲಿ ಒಂದು ರೂಪಾಯಿಯೂ ಹುಂಡೈನ ಚೆನ್ನೈ ಕಾರ್ಖಾನೆಗೆ ಹೋಗಲಿಲ್ಲ. ಕೊರಿಯಾದ ಮಾತೃಸಂಸ್ಥೆ ತನ್ನ ಪಾಲಿನಲ್ಲಿ ಒಂದಿಷ್ಟು ಮಾರಿ ಹಣ ಮನೆಗೆ ತಗೊಂಡು ಹೋಯಿತು. ಮರುವರ್ಷ ಎಲ್‌ಜಿ ಕೂಡ ಅದನ್ನೇ ಮಾಡಿತು. ತೊಂಬತ್ತರ ದಶಕದಲ್ಲಿ ಬಂದು, ಕಾರ್ಖಾನೆ ಕಟ್ಟಿ, ಕಾಲು ಶತಮಾನ ಕಾದವರು ಫಸಲು ಕೊಯ್ದರೆ ತಪ್ಪೇನು? ಬಂದವರು ಸಲೀಸಾಗಿ ಹೊರಗೂ ಹೋಗಬಹುದು ಅನ್ನೋದು ಪ್ರೌಢ ಮಾರುಕಟ್ಟೆಯ ಲಕ್ಷಣ ಅಂತ ರಿಸರ್ವ್ ಬ್ಯಾಂಕ್ ಕೂಡ ಹೇಳಿದೆ. ಆ ಮಾತು ಒಪ್ಪೋಣ. ಆದರೆ ಕೊಯ್ಲಿನಷ್ಟೇ ಹೊಸ ಬಿತ್ತನೆಯೂ ಆಗ್ತಿದೆಯಾ ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಬಿತ್ತನೆ ಅಂದಾಗ ಇನ್ನೊಂದು ಸೂಕ್ಷ್ಮ ಇದೆ. ವಿದೇಶಿ ಹೂಡಿಕೆ ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರೋದು ಹೊಸ ಶೆಡ್ಡು, ಚಿಮಣಿ, ಶಿಫ್ಟ್ ಬಸ್ಸು. ವಾಲ್‌ಮಾರ್ಟ್ 2018ರಲ್ಲಿ ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟಿನ ಶೇ. 77 ಪಾಲನ್ನು 1,600 ಕೋಟಿ ಡಾಲರಿಗೆ ಕೊಂಡಾಗ ಕಂಪನಿಗೆ ಹೊಸದಾಗಿ ಸೇರಿದ ಬಂಡವಾಳ 200 ಕೋಟಿ ಡಾಲರ್ ಮಾತ್ರ. ಉಳಿದದ್ದು ಹಳೆಯ ಪಾಲುದಾರರಿಗೆ ಕೊಟ್ಟ ಬೆಲೆ. ಹಳೆ ಮನೆ ಕೈ ಬದಲಾದರೆ ಗಾರೆ ಕೆಲಸದವರಿಗೆ ಕೂಲಿ ಹುಟ್ಟೋದಿಲ್ಲವಲ್ಲ, ಹಾಗೆ. ಆ ವ್ಯವಹಾರ ಕೆಟ್ಟದ್ದು ಅಂತ ನನ್ನ ಮಾತಿನ ಅರ್ಥವಲ್ಲ. ಹೀಗೆ ಒಳ್ಳೆ ಬೆಲೆಗೆ ಮಾರಿ ಹೊರಬಂದವರ ದುಡ್ಡಿನಲ್ಲೇ ಎಷ್ಟೋ ಹೊಸ ಸ್ಟಾರ್ಟಪ್‌ಗಳು ಹುಟ್ಟುತ್ತವೆ. ಆದರೆ ‘ಇಷ್ಟು ಸಾವಿರ ಕೋಟಿ ಬಂತು’ ಅಂದಾಗ, ಕಟ್ಟೋಕೆ ಬಂತೋ ಕೊಳ್ಳೋಕೆ ಬಂತೋ ಅಂತ ಕೇಳುವ ಅಭ್ಯಾಸ ಇರಲಿ.

ಸರಿ, ಕಟ್ಟೋಕೆ ಬರುವವರು ಯಾಕೆ ಬರ್ತಾರೆ?

ಇದಕ್ಕೆ ನಮ್ಮೂರಲ್ಲೇ ಒಳ್ಳೆ ಉದಾಹರಣೆ ಇದೆ. 1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆಯಿತು. ಆಗಿನ್ನೂ ಉದಾರೀಕರಣಕ್ಕೆ ಆರು ವರ್ಷ ಬಾಕಿ. ಅದಕ್ಕೂ ಏಳೆಂಟು ವರ್ಷ ಹಿಂದೆ ವಿದೇಶಿ ವಿನಿಮಯ ಕಾಯ್ದೆಯ ಬಿಗಿಗೆ ಕೋಕಾ-ಕೋಲಾ ಮತ್ತು ಐಬಿಎಂ ಗಂಟುಮೂಟೆ ಕಟ್ಟಿದ್ದವು. ಮನೆಗೆ ಫೋನ್ ಬೇಕು ಅಂದ್ರೆ ವರ್ಷಗಟ್ಟಲೆ ಕಾಯುವ ಕಾಲ. ಇಲ್ಲಿ ಮಾಡಿದ ವಿನ್ಯಾಸವನ್ನು ಅಮೆರಿಕಕ್ಕೆ ಕಳಿಸೋಕೆ ಉಪಗ್ರಹ ಸಂಪರ್ಕ ಬೇಕಿತ್ತು, ಒಂದು ಖಾಸಗಿ ಕಂಪನಿಗೆ ಅದನ್ನು ಕೊಡೋದು ಸರ್ಕಾರಕ್ಕೆ ಹೊಸ ವಿಷಯ. ಅದರ ಸಾಮಾನು ಎತ್ತಿನ ಗಾಡಿಯಲ್ಲಿ ಬಂತು ಅನ್ನೋ ಕಥೆ ಐಟಿ ಮಂದಿಯ ನಡುವೆ ಇವತ್ತಿಗೂ ಓಡಾಡುತ್ತದೆ.

ಇಷ್ಟೆಲ್ಲ ಅಡ್ಡಿ ಇದ್ದರೂ ಬಂದರಲ್ಲ, ಯಾಕೆ? ತಂಪು ಹವೆ ಅಂತ ನಾವು ಜಂಬ ಪಡ್ತೀವಿ. ಹವೆ ಊಟಿಯಲ್ಲೂ ತಂಪಾಗಿದೆ. ಬೆಂಗಳೂರಿನಲ್ಲಿ ಇದ್ದದ್ದು ಬೇರೆ. 1909ರಿಂದ ಭಾರತೀಯ ವಿಜ್ಞಾನ ಸಂಸ್ಥೆ, 1940ರಿಂದ ಎಚ್‌ಎಎಲ್, 1948ರಿಂದ ಐಟಿಐ, ಆಮೇಲೆ ಎಚ್‌ಎಂಟಿ, ಬಿಇಎಲ್, ಇಸ್ರೋ. ಮೂರು ತಲೆಮಾರಿನ ಎಂಜಿನಿಯರುಗಳು, ಟೂಲ್‌ರೂಮ್ ಕೆಲಸಗಾರರು, ಅವರ ಮಕ್ಕಳು ಓದಿದ ಶಾಲೆಗಳು. ಜೊತೆಗೆ ರಾಜ್ಯದ ತುಂಬ ಎಂಜಿನಿಯರಿಂಗ್ ಕಾಲೇಜುಗಳು. (‘ಡೊನೇಷನ್ ಕಾಲೇಜು’ ಅಂತ ಆಗ ಬೈದವರ ಮನೆಯಲ್ಲೂ ಈಗ ಒಬ್ಬರಾದರೂ ಎಂಜಿನಿಯರ್ ಇದ್ದಾರೆ.) ತೆರಿಗೆದಾರರ ದುಡ್ಡಲ್ಲಿ, ಯಾವ ವಿದೇಶಿ ಹೂಡಿಕೆಯನ್ನೂ ಮನಸ್ಸಲ್ಲಿ ಇಟ್ಟುಕೊಳ್ಳದೆ, ದಶಕಗಳ ಕಾಲ ಕಟ್ಟಿದ ಅಡಿಪಾಯ ಅದು. ಟೆಕ್ಸಾಸ್‌ನವರು ಅದರ ಮೇಲೆ ಬಂದು ಕೂತರು. ಅವರು ಕೂತದ್ದನ್ನು ನೋಡಿ ಉಳಿದವರು ಬಂದರು.

2024ರ ನಾಸ್ಕಾಂ ವರದಿಯಲ್ಲಿ ಭಾರತದಲ್ಲಿರುವ ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದ್ರೆ ನಾವು ಜಿಸಿಸಿ ಅನ್ನೋ ಆಫೀಸುಗಳು, 1,700ಕ್ಕೂ ಹೆಚ್ಚು. ಅಲ್ಲಿ ಕೆಲಸ ಮಾಡುವವರು ಸುಮಾರು 19 ಲಕ್ಷ. ಆ ಕೇಂದ್ರಗಳಲ್ಲಿ ದೊಡ್ಡ ಪಾಲು ಬೆಂಗಳೂರಿನಲ್ಲೇ ಇವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರ ಐಡಿ ಕಾರ್ಡ್ ಅಂಥದೊಂದು ಆಫೀಸಿನದ್ದೋ! ಒಂದು ಸಮಾವೇಶದಲ್ಲಿ ಸಹಿ ಹಾಕಿ ಇದನ್ನು ತರೋಕೆ ಆಗ್ತಿರಲಿಲ್ಲ.

ಬರುವ ಕಾರಣಗಳು ನಿಧಾನಕ್ಕೆ ಬೆಳೆಯುತ್ತವೆ. ಹೆದರಿಸೋಕೆ ಮಾತ್ರ ಒಂದು ಬಜೆಟ್ ಸಾಕು. ವೊಡಾಫೋನ್ ಕಥೆ ನಿಮಗೆ ಅರ್ಧಂಬರ್ಧ ನೆನಪಿರಬಹುದು, ಪೂರ್ತಿ ಹೇಳ್ತೀನಿ.

2007ರಲ್ಲಿ ವೊಡಾಫೋನ್ ಹಚಿಸನ್‌ನ ಭಾರತೀಯ ಮೊಬೈಲ್ ವ್ಯವಹಾರದ ಬಹುಪಾಲು ಕೊಂಡಿತು. ಸುಮಾರು 1,100 ಕೋಟಿ ಡಾಲರಿನ ವ್ಯವಹಾರ. ಆದರೆ ಕೊಂಡದ್ದು ಭಾರತದ ಕಂಪನಿಯ ಷೇರನ್ನಲ್ಲ, ಅದರ ಒಡೆತನ ಹೊಂದಿದ್ದ ಕೇಮನ್ ದ್ವೀಪದ ಒಂದು ಕಂಪನಿಯ ಷೇರನ್ನು. ‘ಆಸ್ತಿ ಇರೋದು ಇಲ್ಲಿ, ಲಾಭ ಹುಟ್ಟಿದ್ದು ಇಲ್ಲಿ, ತೆರಿಗೆ ಕಟ್ಟಿ’ ಅಂತ ನಮ್ಮ ಆದಾಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತು. ನ್ಯಾಯದ ಪ್ರಶ್ನೆಯಾಗಿ ನೋಡಿದರೆ ಇಲಾಖೆ ಕೇಳಿದ್ದರಲ್ಲಿ ಹುರುಳಿತ್ತು ಅಂತಲೇ ನನಗನ್ನಿಸೋದು. ಮಂಡ್ಯದಲ್ಲಿ ಎರಡು ಸೈಟು ಮಾರಿದವನು ಬಂಡವಾಳ ಲಾಭಕ್ಕೆ ತೆರಿಗೆ ಕಟ್ಟುತ್ತಾನೆ, ದ್ವೀಪದಲ್ಲಿ ಕಾಗದ ಇಟ್ಟವನು ಕಟ್ಟಬೇಕಾಗಿಲ್ಲ ಅಂದ್ರೆ ಹೇಗೆ? ಆದರೆ ಆಗಿನ ಕಾನೂನು ಏನು ಹೇಳಿತ್ತು ಅನ್ನೋದು ಬೇರೆ ಪ್ರಶ್ನೆ. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ವೊಡಾಫೋನ್ ಪರ ತೀರ್ಪು ಕೊಟ್ಟಿತು.

ಅಲ್ಲಿಗೆ ಬಿಟ್ಟು, ಇನ್ನು ಮುಂದಿನ ವ್ಯವಹಾರಗಳಿಗೆ ಅಂತ ಕಾನೂನು ತಿದ್ದಿದ್ದರೆ ಯಾರೂ ಚಕಾರ ಎತ್ತುತ್ತಿರಲಿಲ್ಲ. ಎರಡೇ ತಿಂಗಳಲ್ಲಿ ಬಂದ ಬಜೆಟ್‌ನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಹಿಂದಿನ ದಿನಾಂಕದಿಂದಲೇ ಅನ್ವಯವಾಗುವ ತಿದ್ದುಪಡಿ ತಂದರು. ಎಷ್ಟು ಹಿಂದಕ್ಕೆ? 1962ಕ್ಕೆ! ಮ್ಯಾಚ್ ಸೋತ ಮೇಲೆ ಬೌಂಡರಿ ಗೆರೆಯನ್ನು ಹಿಂದಕ್ಕೆ ಸರಿಸಿ ಸ್ಕೋರ್ ತಿದ್ದಿದ ಹಾಗೆ. 2014ರಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಇದನ್ನು ‘ತೆರಿಗೆ ಭಯೋತ್ಪಾದನೆ’ ಅಂತ ಕರೆದವರೇ ಅಧಿಕಾರಕ್ಕೆ ಬಂದರು, ಕಾನೂನು ಮಾತ್ರ ಇನ್ನೂ ಏಳು ವರ್ಷ ಹಾಗೇ ಇತ್ತು. 2020ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯಲ್ಲಿ ಭಾರತ ವೊಡಾಫೋನ್ ಎದುರು ಸೋತಿತು. ಅದೇ ಡಿಸೆಂಬರ್‌ನಲ್ಲಿ ಕೇರ್ನ್ ಎನರ್ಜಿ ಎದುರೂ ಸೋತು, 120 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. ದುಡ್ಡು ಬಾರದೆ ಇದ್ದಾಗ ಕೇರ್ನ್ ಏನು ಮಾಡ್ತು ಗೊತ್ತಾ? 2021ರ ಜುಲೈನಲ್ಲಿ ಫ್ರಾನ್ಸ್‌ನ ಕೋರ್ಟಿಗೆ ಹೋಗಿ, ಪ್ಯಾರಿಸ್‌ನಲ್ಲಿರುವ ಭಾರತ ಸರ್ಕಾರದ ಸುಮಾರು 20 ಆಸ್ತಿಗಳ ಮೇಲೆ ತಡೆ ತಂದಿತು. ಮರುತಿಂಗಳೇ ಸಂಸತ್ತು ಆ ಹಳೆಯ ತಿದ್ದುಪಡಿಯ ಹಲ್ಲು ಕಿತ್ತಿತು, ಕೇರ್ನ್‌ಗೆ ಸುಮಾರು 7,900 ಕೋಟಿ ರೂಪಾಯಿ ವಾಪಸ್ ಹೋಯಿತು.

ಒಂಬತ್ತು ವರ್ಷ ಹಗ್ಗಜಗ್ಗಾಟ ಮಾಡಿ ಕೈಗೆ ಬಂದದ್ದನ್ನೂ ಕೊಟ್ಟೆವು. ಆ ಒಂಬತ್ತು ವರ್ಷದಲ್ಲಿ ಎಷ್ಟು ಕಂಪನಿಗಳು ಭಾರತದ ಫೈಲನ್ನು ಮುಚ್ಚಿ ಬೇರೆ ಕಡೆ ಹೋದವು ಅನ್ನೋದಕ್ಕೆ ಯಾವ ಕೋಷ್ಟಕವೂ ಇಲ್ಲ. ಬಾರದ ನೆಂಟರ ಲೆಕ್ಕ ಯಾರು ಇಡ್ತಾರೆ?

ಕೋರ್ಟಿನ ವಿಳಂಬದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಿಶ್ವಬ್ಯಾಂಕಿನ ‘ಡೂಯಿಂಗ್ ಬಿಸಿನೆಸ್’ ಪಟ್ಟಿಯಲ್ಲಿ ಭಾರತ ಒಟ್ಟಾರೆ 63ಕ್ಕೆ ಏರಿದಾಗಲೂ ಒಪ್ಪಂದ ಜಾರಿ ವಿಷಯದಲ್ಲಿ 163ರಲ್ಲೇ ಇತ್ತು. ಒಂದು ವಾಣಿಜ್ಯ ವ್ಯಾಜ್ಯ ಮುಗಿಯೋಕೆ 1,445 ದಿನ. ಆ ಪಟ್ಟಿಯನ್ನೇ ಅಕ್ರಮದ ಆರೋಪದ ಮೇಲೆ 2021ರಲ್ಲಿ ನಿಲ್ಲಿಸಿದರು, ಅದು ಬೇರೆ ಮಾತು. ಸಿವಿಲ್ ಕೇಸು ನೋಡಿದ ಮನೆಯವರಿಗೆ 1,445 ಓದಿ ‘ಇಷ್ಟು ಬೇಗವಾ?’ ಅನ್ನಿಸಿರುತ್ತೆ.

ಇನ್ನು ಜಮೀನು. ಕಂಪನಿಯವರು ಕೇಳೋದು ಇದನ್ನೇ ಮೊದಲು, ನಾವು ಎಡವೋದೂ ಇಲ್ಲೇ. 2010ರ ಜೂನ್‌ನಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಕರ್ನಾಟಕದ ಜೊತೆ ಉಕ್ಕಿನ ಕಾರ್ಖಾನೆಗೆ ಒಡಂಬಡಿಕೆ ಮಾಡಿಕೊಂಡಿತು, 32 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನದು. ಜಾಗ ಗದಗ ಜಿಲ್ಲೆಯ ಹಳ್ಳಿಗುಡಿ. ಅದು ಎರೆಭೂಮಿ. ಜೋಳ, ಕಡಲೆ, ಮೆಣಸಿನಕಾಯಿ ಬೆಳೆಯುವ ಕಪ್ಪು ಮಣ್ಣನ್ನು ನಕ್ಷೆಯಲ್ಲಿ ಚೌಕ ಹಾಕಿ ‘ಇಲ್ಲಿ’ ಅಂದರು. ರೈತರು ಬೀದಿಗಿಳಿದರು. ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು, 2013ರಲ್ಲಿ ಪೋಸ್ಕೋ ರಾಜ್ಯದ ಯೋಜನೆಯನ್ನೇ ಕೈಬಿಟ್ಟಿತು. ಇದೇ ಕಂಪನಿ 2005ರಲ್ಲಿ ಒಡಿಶಾದ ಜೊತೆ 52 ಸಾವಿರ ಕೋಟಿಯ ಒಪ್ಪಂದ ಮಾಡಿಕೊಂಡಾಗ ದೇಶದ ಅತಿ ದೊಡ್ಡ ವಿದೇಶಿ ಹೂಡಿಕೆ ಅಂತ ಸಂಭ್ರಮಿಸಿದ್ದೆವು. ಜಗತ್‌ಸಿಂಗ್‌ಪುರದ ವೀಳ್ಯದೆಲೆ ತೋಟಗಳ ರೈತರು ಬಿಟ್ಟುಕೊಡಲಿಲ್ಲ, ಹತ್ತು-ಹನ್ನೆರಡು ವರ್ಷದಲ್ಲಿ ಅದೂ ಮುಗಿಯಿತು.

ದೇವನಹಳ್ಳಿಯದ್ದು ಹೊಸದು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ವೈಮಾಂತರಿಕ್ಷ ಪಾರ್ಕ್‌ಗೆ ಅಂತ ಗುರುತಿಸಿ, ರೈತರು ಮೂರು ವರ್ಷಕ್ಕೂ ಹೆಚ್ಚು ಧರಣಿ ಕೂತು, ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟ ಘೋಷಣೆ ಮಾಡಿದರು. ಆಂಧ್ರದ ಸಚಿವ ನಾರಾ ಲೋಕೇಶ್ ತಕ್ಷಣ ‘ನಮ್ಮಲ್ಲಿ ಜಾಗ ಇದೆ, ಬನ್ನಿ’ ಅಂತ ಪೋಸ್ಟ್ ಹಾಕಿದರು. ನಮ್ಮ ಟೈಮ್‌ಲೈನ್‌ಗಳಲ್ಲಿ ‘ರೈತರು ಅಭಿವೃದ್ಧಿ ವಿರೋಧಿಗಳು’ ಅಂತ ಒಂದು ಗುಂಪು, ‘ಕಂಪನಿಗಳು ಕಳ್ಳರು’ ಅಂತ ಇನ್ನೊಂದು ಗುಂಪು. ಎರಡೂ ಸುಲಭದ ಮಾತು. ಎಕರೆಗೆ ಸಿಗುವ ಪರಿಹಾರ ಒಂದು ಸಲ ಬರುತ್ತೆ, ವಿಮಾನ ನಿಲ್ದಾಣದ ಪಕ್ಕದ ಜಮೀನಿನ ಬೆಲೆ ಪ್ರತಿ ವರ್ಷ ಏರುತ್ತೆ. ಆ ಏರಿಕೆಯಲ್ಲಿ ಪಾಲು ಇಲ್ಲದೆ ಜಾಗ ಖಾಲಿ ಮಾಡು ಅಂದ್ರೆ ಯಾರು ಮಾಡ್ತಾರೆ? ಷೇರು ಮಾರುಕಟ್ಟೆಯಲ್ಲಿ ನಾವು ನೀವು ಮಾಡೋ ಲೆಕ್ಕವನ್ನೇ ದೇವನಹಳ್ಳಿಯ ರೈತ ಮಾಡಿದ್ದಾನೆ. ಕಂಪನಿಗಾದರೂ ಬೇಕಿರೋದು ಕೇಸು, ಧರಣಿ ಇಲ್ಲದ ಜಾಗವೇ ತಾನೇ?

ಜಾಗ, ನ್ಯಾಯ, ನಿಯಮ ಇವನ್ನೆಲ್ಲ ಸರಿ ಮಾಡೋದು ನಿಧಾನದ ಕೆಲಸ. ಅದಕ್ಕೇ ಸರ್ಕಾರಗಳು ಅಡ್ಡದಾರಿ ಹಿಡೀತವೆ: ರಿಯಾಯಿತಿ. ಗುಜರಾತಿನ ಸಾಣಂದದಲ್ಲಿ ಮೈಕ್ರಾನ್‌ನ ಚಿಪ್ ಜೋಡಣೆ ಘಟಕ 2023ರಲ್ಲಿ ಘೋಷಣೆಯಾಯಿತು. ಒಟ್ಟು 275 ಕೋಟಿ ಡಾಲರ್ ಯೋಜನೆ, ಅದರಲ್ಲಿ ಮೈಕ್ರಾನ್ ಹಾಕೋದು ಹೆಚ್ಚೆಂದರೆ 82.5 ಕೋಟಿ. ಯೋಜನಾ ವೆಚ್ಚದ ಶೇ. 50 ಕೇಂದ್ರದ್ದು, ಶೇ. 20 ಗುಜರಾತಿನದ್ದು. ಅಂದ್ರೆ ‘ವಿದೇಶಿ ಹೂಡಿಕೆ’ಯ ಮುಕ್ಕಾಲು ಪಾಲಿನ ಹತ್ತಿರ ನಮ್ಮ ನಿಮ್ಮ ಟಿಡಿಎಸ್ಸು, ಜಿಎಸ್‌ಟಿ. ನೇರ ಉದ್ಯೋಗ ಸುಮಾರು 5,000 ಅಂದಿದ್ದರು. ಚಿಪ್ ಉದ್ಯಮ ದೇಶದಲ್ಲಿ ಬೇರು ಬಿಡಲಿ ಅಂತ ಮೊದಲ ಗಿರಾಕಿಗೆ ಕೈ ಬಿಚ್ಚಿ ಕೊಡೋದರಲ್ಲಿ ಒಂದು ತರ್ಕ ಇದೆ, ಇಲ್ಲ ಅನ್ನಲ್ಲ. ಆದರೆ 2025ರ ಅಕ್ಟೋಬರ್‌ನಲ್ಲಿ ಗೂಗಲ್ ವಿಶಾಖಪಟ್ಟಣಕ್ಕೆ 1,500 ಕೋಟಿ ಡಾಲರ್ ಯೋಜನೆ ಘೋಷಿಸಿದಾಗ, ‘ಆಂಧ್ರ 22 ಸಾವಿರ ಕೋಟಿ ರಿಯಾಯಿತಿ ಕೊಟ್ಟಿದೆ, ಅದನ್ನೂ ಹೇಳಿ’ ಅಂತ ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಕುಟುಕಿದರು. ಆ ಸಿಟ್ಟಿನಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇದ್ದಿರಬಹುದು. ಆದರೂ ಮಾತು ಸರಿಯೇ. ಡೇಟಾ ಸೆಂಟರ್ ಒಂದು ಸಲ ಕಟ್ಟಿ ಮುಗಿದರೆ ಅಲ್ಲಿ ಕೆಲಸಕ್ಕೆ ಜನ ಕಡಿಮೆ, ಕರೆಂಟು ಮತ್ತು ನೀರು ಜಾಸ್ತಿ. ರಾಜ್ಯ ರಾಜ್ಯಗಳೇ ಹರಾಜು ಕೂಗಿದರೆ ಗೆಲ್ಲೋನು ಕೊಳ್ಳೋಕೆ ಬಂದವನು.

ಕೆಲಸ ಅಂದಾಗ ಸ್ಥಳೀಯರ ಪ್ರಶ್ನೆ ಬರಲೇಬೇಕು. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳ ಶೇ. 50, ಉಳಿದ ಹುದ್ದೆಗಳ ಶೇ. 70 ಸ್ಥಳೀಯರಿಗೆ ಅನ್ನುವ ಮಸೂದೆ ಒಪ್ಪಿತು. ಐಟಿ ಉದ್ಯಮ ಹುಯಿಲೆಬ್ಬಿಸಿತು, ಎರಡೇ ದಿನದಲ್ಲಿ ತಡೆ ಬಿತ್ತು. ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಹಿಡಿಸಲಿಕ್ಕಿಲ್ಲ. ಇಲ್ಲಿಯ ನೀರು, ಜಾಗ, ರಸ್ತೆ ಬಳಸುವವರಿಂದ ಇಲ್ಲಿಯ ಮಕ್ಕಳಿಗೆ ಏನು ಸಿಕ್ಕಿತು ಅಂತ ಕೇಳೋದು ಸರಿ. ಮಸೂದೆಯನ್ನು ಸೋಮವಾರ ಒಪ್ಪಿ ಬುಧವಾರ ಮಡಚಿಡೋದು ಸರಿಯಲ್ಲ. ಕನ್ನಡಿಗರಿಗೆ ಕೆಲಸ ಹುಟ್ಟಲಿಲ್ಲ, ಹೂಡಿಕೆದಾರರಿಗೆ ಹೆದರಿಕೆ ಹುಟ್ಟಿತು. ಬಿಡದಿಯಲ್ಲಿ ಟೊಯೋಟಾ 2007ರಿಂದ ಒಂದು ತರಬೇತಿ ಸಂಸ್ಥೆ ನಡೆಸುತ್ತಿದೆ. ಹತ್ತನೇ ತರಗತಿ ಮುಗಿಸಿದ ರಾಜ್ಯದ ಬಡ ಗ್ರಾಮೀಣ ಮಕ್ಕಳನ್ನು ಆರಿಸಿ, ಊಟ–ವಸತಿ ಕೊಟ್ಟು, ವೆಲ್ಡಿಂಗ್, ಪೇಂಟಿಂಗ್, ಜೋಡಣೆ ಕಲಿಸುತ್ತದೆ. ಜಮೀನು ಕೊಡುವ ಪತ್ರದಲ್ಲೇ ಇಂಥದ್ದೊಂದು ಷರತ್ತು ಬರೆದಿದ್ದರೆ ಯಾವ ಕಂಪನಿ ಓಡಿಹೋಗುತ್ತಿತ್ತು?

ಕೊನೆಗೆ ಕಾರ್ಖಾನೆಯ ಒಳಗೆ ಬರೋಣ. ಅಲ್ಲಿ ಹೂಡಿಕೆ ಅಂದ್ರೆ ಡಾಲರಿನ ಲೆಕ್ಕ ಅಲ್ಲ, ಶಿಫ್ಟು ಮತ್ತು ಪಗಾರ. ಕೋಲಾರದ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸುವ ಘಟಕ ತೆರೆದಾಗ ಸುತ್ತಲಿನ ಹಳ್ಳಿಗಳ ಐಟಿಐ, ಡಿಪ್ಲೊಮಾ, ಪದವಿ ಓದಿದ ಹುಡುಗ ಹುಡುಗಿಯರಿಗೆ ಅದು ದೊಡ್ಡ ಆಸೆ. ಬೆಂಗಳೂರಿನ ಪಿಜಿಯಲ್ಲಿ ಒದ್ದಾಡದೆ ಊರ ಹತ್ತಿರವೇ ಕೆಲಸ. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ 10 ಸಾವಿರ ದಾಟಿತು. ಅವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆಯವರು. ಹನ್ನೆರಡು ಗಂಟೆಯ ಶಿಫ್ಟ್ ಬಂತು. ಹೇಳಿದ ಸಂಬಳ ಒಂದು, ಖಾತೆಗೆ ಬಿದ್ದದ್ದು ಇನ್ನೊಂದು ಅಂತ ದೂರುಗಳು. ಹಾಜರಾತಿ ಲೆಕ್ಕ ಸರಿಯಿಲ್ಲ, ಓಟಿ ಸರಿಯಿಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ಶಿಫ್ಟ್ ಮುಗಿಸಿದವರ ಸಿಟ್ಟು ಒಡೆಯಿತು. ಗಾಜು, ಯಂತ್ರ, ವಾಹನ ಎಲ್ಲ ಪುಡಿ.

ಮೊದಲ ದಿನ ಟಿವಿಯಲ್ಲಿ ಬಂದ ಚರ್ಚೆ ಏನು ಗೊತ್ತೇ? ‘ಭಾರತದ ಇಮೇಜಿಗೆ ಧಕ್ಕೆ.’ ಕಾರ್ಮಿಕರು ಸಾಲುಸಾಲಾಗಿ ಬಂಧನಕ್ಕೊಳಗಾದರು. ಒಂದು ವಾರದಲ್ಲಿ ಆ್ಯಪಲ್ ತನ್ನದೇ ತನಿಖೆ ಮಾಡಿ, ಕೆಲಸದ ಸಮಯದ ನಿರ್ವಹಣೆ ಸರಿಯಿರಲಿಲ್ಲ, ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಕೆಲವರಿಗೆ ಸಂಬಳ ತಡವಾಗಿದೆ ಅಂತ ಹೇಳಿ ವಿಸ್ಟ್ರಾನ್‌ಗೆ ಹೊಸ ಆರ್ಡರ್ ನಿಲ್ಲಿಸಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ಉಸ್ತುವಾರಿ ಹೊತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ರಾಜ್ಯದ ಕಾರ್ಖಾನೆಗಳ ಇಲಾಖೆಯ ವರದಿಯೂ ಕಾರ್ಮಿಕ ಕಾನೂನಿನ ಉಲ್ಲಂಘನೆಗಳನ್ನು ಪಟ್ಟಿ ಮಾಡಿತು. ಆ ಪಟ್ಟಿ ಗಲಾಟೆಗೆ ಒಂದು ತಿಂಗಳು ಮೊದಲು ಬಂದಿದ್ದರೆ? ತಪಾಸಣೆ ಅಂದ್ರೆ ಕಿರುಕುಳ, ಅದನ್ನು ಕಡಿಮೆ ಮಾಡಿದರೆ ಹೂಡಿಕೆ ಬರುತ್ತೆ ಅಂತ ನಾವು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇವೆ. ಲಂಚಕ್ಕೆ ಬರುವ ಇನ್ಸ್‌ಪೆಕ್ಟರ್ ಬೇಡ, ಒಪ್ಪಿದೆ. ಪಗಾರದ ರಿಜಿಸ್ಟರ್ ನೋಡೋಕೂ ಯಾರೂ ಬರಬಾರದು ಅಂದ್ರೆ ನರಸಾಪುರ ಆಗುತ್ತೆ. ಮರುವರ್ಷ ಡಿಸೆಂಬರ್‌ನಲ್ಲೇ ತಮಿಳುನಾಡಿನ ಶ್ರೀಪೆರಂಬದೂರಿನ ಫಾಕ್ಸ್‌ಕಾನ್ ಹಾಸ್ಟೆಲಿನಲ್ಲಿ ಕೆಟ್ಟ ಊಟ ತಿಂದು 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಆಸ್ಪತ್ರೆ ಸೇರಿದರು, ಜೊತೆಯವರು ಹೆದ್ದಾರಿಯಲ್ಲಿ ಕೂತರು, ಕಾರ್ಖಾನೆ ವಾರಗಟ್ಟಲೆ ಮುಚ್ಚಿತು. ಜಗತ್ತಿನ ಅತ್ಯಂತ ಬೆಲೆಬಾಳುವ ಕಂಪನಿಯೊಂದರ ಸರಬರಾಜು ಸರಪಳಿ ಎರಡು ಸಲ ನಿಂತಿತು. ಒಮ್ಮೆ ಪಗಾರಕ್ಕೆ, ಒಮ್ಮೆ ಊಟಕ್ಕೆ.

2023ರ ಫೆಬ್ರವರಿಯಲ್ಲಿ ರಾಜ್ಯದ ವಿಧಾನಮಂಡಲ ದಿನಕ್ಕೆ 12 ಗಂಟೆ ಕೆಲಸಕ್ಕೆ ಅವಕಾಶ ಕೊಡುವ ತಿದ್ದುಪಡಿ ಒಪ್ಪಿತು. ಈಗ ಫಾಕ್ಸ್‌ಕಾನ್ ದೇವನಹಳ್ಳಿ ಹತ್ತಿರ, ದೊಡ್ಡಬಳ್ಳಾಪುರ ತಾಲ್ಲೂಕಿನ 300 ಎಕರೆಯಲ್ಲಿ ಐಫೋನ್ ತಯಾರಿ ಶುರು ಮಾಡಿದೆ. ಅಲ್ಲಿ ಸೇರುತ್ತಿರುವವರಲ್ಲಿ ಬಹುಪಾಲು ಯುವತಿಯರು, ಮೊದಲ ಸಲ ಮನೆ ಬಿಟ್ಟು ಬಂದವರು. ಮುಂದಿನ ಸಮಾವೇಶದಲ್ಲಿ ವೇದಿಕೆಯ ಹಿಂದಿನ ಪರದೆಯ ಮೇಲೆ ಹೊಸ ಲಕ್ಷ ಕೋಟಿಯ ಅಂಕಿ ಹಾಕುವಾಗ, ಪಕ್ಕದಲ್ಲಿ 2022ರ 9.8 ಲಕ್ಷ ಕೋಟಿಯಲ್ಲಿ ಎಷ್ಟು ಶೆಡ್ಡುಗಳು ಎದ್ದವು, ಎಷ್ಟು ಜನರಿಗೆ ಪಿಎಫ್ ಖಾತೆ ತೆರೆಯಿತು ಅನ್ನೋದನ್ನೂ ಹಾಕಲಿ. ಅಂಕಿ ಸಣ್ಣದಿದ್ದರೂ ಪರವಾಗಿಲ್ಲ.

ನರಸಾಪುರದ ಘಟಕ 2021ರ ಆರಂಭದಲ್ಲಿ ಮತ್ತೆ ತೆರೆಯಿತು. 2023ರ ಅಕ್ಟೋಬರ್‌ನಲ್ಲಿ ವಿಸ್ಟ್ರಾನ್ ಅದನ್ನು 12.5 ಕೋಟಿ ಡಾಲರಿಗೆ ಟಾಟಾ ಎಲೆಕ್ಟ್ರಾನಿಕ್ಸ್‌ಗೆ ಮಾರಿ ಹೊರಟಿತು. ಹೂಡಿಕೆಯ ಲೆಕ್ಕಪುಸ್ತಕದಲ್ಲಿ ಇಂಥದ್ದು ‘ವಾಪಸ್ ಹೋದ ದುಡ್ಡು’ ಅನ್ನುವ ಸಾಲಿಗೆ ಸೇರುತ್ತದೆ. ಐಫೋನ್ ಜೋಡಣೆ ಮಾತ್ರ ಕೋಲಾರ ಬಿಟ್ಟು ಹೋಗಲಿಲ್ಲ. ಅದೇ ಕಟ್ಟಡದಲ್ಲಿ ಇವತ್ತೂ ನಡೀತಿದೆ.